ಬಾಗಿಲಾಚೆಯ ಹೂಂ

ಕಾಜಕ್ಕನ ಮನೆಯ ಬಚ್ಚಲಿಗೆ ಚಿಲಕವಿರಲಿಲ್ಲ. ಇದ್ದದ್ದನ್ನು ಅವಳ ಹನ್ನೊಂದನೇ ವಯಸ್ಸಿನಲ್ಲಿ ಅಮ್ಮನೇ ಸ್ಕ್ರೂಡ್ರೈವರ್ ಹಿಡಿದು ಕಿತ್ತುಹಾಕಿದ್ದಳು. ನಾಲ್ಕು ತೂತುಗಳು ಮಾತ್ರ ಉಳಿದಿದ್ದವು.

ಹುಟ್ಟಿದ ಆರನೇ ತಿಂಗಳಿಗೇ ಅವಳ ತಲೆಯಲ್ಲಿ ನೀರು ತುಂಬಿಕೊಳ್ಳುತ್ತಿದೆ ಎಂದು ಡಾಕ್ಟರು ಷಂಟ್ ಹಾಕಿದ್ದರು. ಷಂಟ್ ಎಂದರೆ ಮಿದುಳಿನ ನೀರನ್ನು ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆ. ಬಲಗಿವಿಯ ಹಿಂದಿನಿಂದ ಚರ್ಮದಡಿಯಲ್ಲೇ ಇಳಿದು, ಕತ್ತಿನ ಪಕ್ಕದಲ್ಲಿ ಬೆರಳಿಗೆ ಸಿಗುತ್ತಿತ್ತು. ಹತ್ತನೇ ವರ್ಷ ಅದು ಕಟ್ಟಿಕೊಂಡು, ಮತ್ತೆ ಆಪರೇಷನ್ ಮಾಡಿ ಹೊಸದು ಹಾಕಿದರು. ನೀರಿನ ಕಾಟ ತಪ್ಪಿತು ಎಂದು ಉಸಿರು ಬಿಡಲೂ ಪುರುಸೊತ್ತು ಕೊಡದೆ ಮರುವರ್ಷ ಫಿಟ್ಸ್ ಶುರುವಾಯಿತು, ಹಾಳಾದ್ದು. ಎಡಗೈ ಹೆಬ್ಬೆರಳು ತಾನಾಗಿ ಅದುರತೊಡಗಿದರೆ ಮುಗಿಯಿತು. ಆಮೇಲೆ ಎಚ್ಚರವಾಗುವುದು ನೆಲದ ಮೇಲೆ, ನಾಲಿಗೆ ಕಚ್ಚಿಕೊಂಡು, ಸುತ್ತ ನಿಂತವರ ಚಪ್ಪಲಿಗಳನ್ನು ನೋಡುತ್ತಾ.

ಹೊತ್ತು ಹೊತ್ತಿಗೆ ಮಾತ್ರೆ ನುಂಗಿದರೂ ಅದು ತಿಂಗಳಿಗೆ ಒಂದೆರಡು ಸಲ ಬಂದೇ ಬರುತ್ತಿತ್ತು. ಒಲೆಯ ಮುಂದೆ ಒಬ್ಬಳೇ ನಿಲ್ಲುವಂತಿಲ್ಲ. ಸ್ಟೂಲು ಹತ್ತುವಂತಿಲ್ಲ. ಕೆಲಸಕ್ಕೆ ಸೇರಿದ ಟೈಲರ್ ಅಂಗಡಿಯಲ್ಲಿ ಮಿಷನ್ ತುಳಿಯುವಂತಿಲ್ಲ, ಇಸ್ತ್ರಿಪೆಟ್ಟಿಗೆ ಮುಟ್ಟುವಂತಿಲ್ಲ. ಕೊನೆಗೆ ಅವಳ ಪಾಲಿಗೆ ಬಂದದ್ದು ಸೂಜಿ ಹಿಡಿದು ಗುಂಡಿ ಹಚ್ಚುವುದು, ಗುಂಡಿ ತೂರುವ ತೂತಿಗೆ ಕಾಜಾ ಹಾಕುವುದು. ಇಪ್ಪತ್ತು ವರ್ಷ ಹಾಕಿ ಹಾಕಿ ಹೆಸರೇ ಕಾಜಕ್ಕ ಎಂದಾಯಿತು. "ಕೋಟು ನಂದು, ಮರ್ಯಾದೆ ನಿನ್ನ ಕಾಜಾದ್ದು" ಎಂದು ಟೈಲರ್ ರೇಗಿಸುತ್ತಿದ್ದ. ಅದು ಬರೀ ತಮಾಷೆಯಲ್ಲ, ಅವಳ ಕೈ ಅಷ್ಟು ಚೊಕ್ಕ.

ಬಚ್ಚಲಿಗೆ ಅಮ್ಮ ಮಾಡಿದ ಕಾನೂನೊಂದಿತ್ತು. ಒಳಗಿರುವಷ್ಟು ಹೊತ್ತೂ ಮಗಳು ಮಾತಾಡುತ್ತಲೇ ಇರಬೇಕು. ಹೊರಗೆ ಕೂತ ಅಮ್ಮ ಹೂಂಗುಟ್ಟುತ್ತಿದ್ದಳು. ಮಾತು ನಿಂತಿತೋ, ಬಾಗಿಲು ದೂಡುತ್ತಿದ್ದಳು. ಹದಿಮೂರರ ಹುಡುಗಿ ಒಮ್ಮೆ ಚೇಷ್ಟೆಗೆಂದು ಪಿಟ್ಟೆನ್ನದೆ ಕೂತಳು. ಅಮ್ಮ ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ನುಗ್ಗಿ ಬಂದಳು. ಮಗಳು ಕಿಸಕ್ಕನೆ ನಕ್ಕದ್ದೇ ತಡ, ಕೆನ್ನೆಗೊಂದು ಬಿಗಿದಳು. ಬಿಗಿದ ಕೈಯಲ್ಲೇ ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಆ ಆಟವನ್ನು ಕಾಜಕ್ಕ ಮತ್ತೆ ಆಡಲಿಲ್ಲ. ಅಂಗಡಿಯ ಸುದ್ದಿಯೆಲ್ಲ ದಿನವೂ ನೀರಿನ ಜೊತೆ ಹರಿಯುತ್ತಿತ್ತು: ಯಾರ ಸೊಂಟ ಎಷ್ಟು ಹೆಚ್ಚಿತು, ಯಾವ ಮದುಮಗ ಕೋಟು ಒಯ್ಯಲು ಬರಲೇ ಇಲ್ಲ, ಎಲ್ಲವೂ.

ಕಾಜಕ್ಕನಿಗೆ ನಲವತ್ತೊಂದಾದಾಗ ಅಮ್ಮನಿಗೆ ಎಪ್ಪತ್ತು. ಹೂಂಗಳು ಎಲ್ಲೆಲ್ಲೋ ಬೀಳತೊಡಗಿದವು. ಅನುಮಾನ ಬಂದು ಮಗಳು ಒಂದು ಬೆಳಿಗ್ಗೆ, "ಅಮ್ಮಾ, ನಮ್ಮನೆಗೆ ಬೆಂಕಿ ಬಿದ್ದಿದೆ" ಎಂದಳು.

"ಹೂಂ, ಆಮೇಲೆ?" ಎಂದಳು ಅಮ್ಮ.

ಕಾಜಕ್ಕನಿಗೆ ಮೊದಲು ನಗು ಬಂತು. ಮರುಕ್ಷಣ, ಅಮ್ಮನಿಗೆ ಕಿವಿ ಕೇಳುತ್ತಿಲ್ಲವೆಂದು ಹೊಳೆಯಿತು. ಬೇರೆ ಮನೆ ಮಾಡಿಕೊಂಡಿದ್ದ ತಮ್ಮ ಎಂದೋ ಹೇಳಿಟ್ಟಿದ್ದ. "ಅಮ್ಮಂಗೆ ಕೈಲಾಗದ ದಿನ ನಿನ್ನ ಆರೈಕೆ ಕೇಂದ್ರಕ್ಕೆ ಸೇರಿಸಲೇಬೇಕಾಗುತ್ತೆ ಅಕ್ಕ. ನಾವು ಗಂಡ ಹೆಂಡ್ತಿ ಇಬ್ರೂ ಕೆಲಸಕ್ಕೆ ಹೋಗೋರು. ತಪ್ಪು ತಿಳ್ಕೋಬೇಡ." ಅವನೇನೂ ಕಟುಕನಲ್ಲ, ಹೇಳುವಾಗ ಅವನ ಕಣ್ಣೂ ಒದ್ದೆಯಾಗಿತ್ತು. ಆದರೆ ಅಮ್ಮನನ್ನು, ಈ ಮನೆಯನ್ನು ಬಿಟ್ಟು ಇರುವುದು ಅವಳಿಂದ ಆಗುವ ಮಾತಾಗಿರಲಿಲ್ಲ. ಹಾಗಾಗಿ ಅಮ್ಮನ ಕಿವಿಯ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಳು. ಫೋನು ಬಂದರೆ ತಾನೇ ಓಡಿ ಹಿಡಿಯುತ್ತಿದ್ದಳು. ತಮ್ಮ ಮನೆಗೆ ಬಂದರೆ ಅಮ್ಮನ ಪಾಲಿನ ಉತ್ತರವನ್ನೂ ತಾನೇ ಕೊಡುತ್ತಿದ್ದಳು. ಅಮ್ಮನೂ ಕಿವಿ ಕೇಳುವುದಿಲ್ಲವೆಂದು ಒಂದು ದಿನವೂ ಬಾಯಿಬಿಡಲಿಲ್ಲ.

ಆಮೇಲೊಂದು ದಿನ ಬಚ್ಚಲಲ್ಲೇ ಹೆಬ್ಬೆರಳು ಅದುರಿತು. ಕಣ್ಣು ಬಿಟ್ಟಾಗ ಅವಳು ಒಂದು ಮಗ್ಗುಲಾಗಿ ಮಲಗಿದ್ದಳು, ತಲೆ ಅಮ್ಮನ ತೊಡೆಯ ಮೇಲಿತ್ತು.

"ಹೆಂಗೆ ಗೊತ್ತಾಯ್ತಮ್ಮ?"

ಅಮ್ಮ ಅವಳ ತುಟಿಯನ್ನೇ ನೋಡುತ್ತಾ, "ಸುಮ್ನಾದ್ಯಲ್ಲ, ಅದಕ್ಕೇ" ಎಂದಳು. ಬೆಂಕಿ ಬಿದ್ದಿದೆ ಎಂದರೂ ಕೇಳಿಸದವಳಿಗೆ ಸುಮ್ಮನಾದದ್ದು ಹೇಗೆ ಕೇಳಿಸಿತೋ, ಕಾಜಕ್ಕನಿಗೆ ಬಗೆಹರಿಯಲಿಲ್ಲ. ಕೆದಕಿದರೆ ಇಬ್ಬರ ಗುಟ್ಟೂ ಹೊರಬೀಳುತ್ತದೆ ಎಂದು ಟವೆಲ್ಲಿಗೆ ಕೈ ಚಾಚಿದಳು.

ಮುಂದೊಂದು ಭಾನುವಾರ, ತಲೆಗೆ ನೀರು ಹಾಕಿಕೊಳ್ಳುವ ದಿನ, ಹಾಗಾಗಿ ಕಥೆಯೂ ಉದ್ದ. ಗಿರಾಕಿಯೊಬ್ಬ ಕಾಯಿಲೆಯಿಂದ ಸಣ್ಣಗಾಗಿ ಬಂದು, ತನ್ನದೇ ಪ್ಯಾಂಟನ್ನು ತನ್ನದಲ್ಲವೆಂದು ಟೈಲರ್ ಜೊತೆ ಜಗಳಕ್ಕೆ ನಿಂತಿದ್ದ. ಅಮ್ಮನ ಹೂಂ ಎರಡು ಸಲ ಬಂತು, ಆಮೇಲೆ ಬರಲಿಲ್ಲ. ಕಾಜಕ್ಕ ತಲೆಕೆಡಿಸಿಕೊಳ್ಳಲಿಲ್ಲ. ಈಚೆಗೆ ಅಮ್ಮನ ಹೂಂಗಳು ಹೀಗೇ ತಪ್ಪಿಹೋಗುತ್ತಿದ್ದವು. ಕಥೆಯನ್ನು ಕೊನೆಯವರೆಗೂ ಹೇಳಿ, ತಾನೇ ಹೊಟ್ಟೆ ಹಿಡಿದು ನಕ್ಕು, ಬಟ್ಟೆ ಉಟ್ಟು ಬಾಗಿಲು ಎಳೆದಳು.

ಬಾಗಿಲಿಗೆ ಒತ್ತಿಕೊಂಡಿದ್ದ ಅಮ್ಮನ ಕೈ ಜಾರಿ ಒಳಗೆ ಬಿತ್ತು. ಅಮ್ಮ ಕುರ್ಚಿಯಲ್ಲೇ ಗೋಡೆಗೆ ತಲೆಯಾನಿಸಿ ಹೋಗಿಬಿಟ್ಟಿದ್ದಳು.

ಕೈ ಇದ್ದ ಜಾಗದಲ್ಲಿ ಹಲಗೆಯ ಹಸಿರು ಬಣ್ಣ ಅಂಗೈಯಗಲ ಸವೆದು ಮರ ನುಣ್ಣಗಾಗಿತ್ತು. ದಿನವೂ ನೋಡಿದ್ದಳು, ನೀರು ತಾಗಿ ಹೋದದ್ದೆಂದುಕೊಂಡಿದ್ದಳು. ಮುದುಕಿ ಎಷ್ಟು ವರ್ಷದಿಂದಲೋ ಮಗಳ ಮಾತಿಗೆ ಬಾಗಿಲು ಅದುರುವುದನ್ನು ಅಂಗೈಯಲ್ಲಿ ಹಿಡಿದು ಕೂರುತ್ತಿದ್ದಳು. ಅದು ನಿಂತ ಕೂಡಲೇ ಬಾಗಿಲು ದೂಡುತ್ತಿದ್ದಳು.

"ನೀವು ನೋಡೋ ಹೊತ್ತಿಗೇ ಹತ್ತು ಹದಿನೈದು ನಿಮಿಷ ಆಗಿರಬೇಕಮ್ಮ. ಒದ್ದಾಡದೆ ಹೋಗಿದ್ದಾರೆ" ಎಂದರು ಬಂದ ಡಾಕ್ಟರು, ಸಮಾಧಾನಕ್ಕೆ. ಬಾಗಿಲು ಎಳೆಯುವ ಹತ್ತು ನಿಮಿಷ ಮೊದಲು ಪ್ಯಾಂಟಿನ ಜಗಳ ನಡೆಯುತ್ತಿತ್ತು. ಮೂವತ್ತು ವರ್ಷ ಅಮ್ಮ ಮಗಳ ಮೌನವನ್ನು ಒಂದು ದಿನವೂ ಗಮನಿಸದೆ ಬಿಟ್ಟಿರಲಿಲ್ಲ. ಅಮ್ಮನದು ಒಂದೇ ಒಂದು ಮೌನ, ಅದನ್ನು ಕಾಜಕ್ಕ ನಗುತ್ತಾ ಕಳೆದಿದ್ದಳು.

ತಿಂಗಳೊಳಗೆ ತಮ್ಮ ಅವಳನ್ನು ಕೇಂದ್ರಕ್ಕೆ ಕರೆದೊಯ್ದ. ಒಳ್ಳೆಯ ಜಾಗವೇ. ಸೂಜಿ ನೂಲಿಗೂ ಬೇಡವೆನ್ನಲಿಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು, ಜಾರದ ನೆಲ, ಗೋಡೆಗೊಂದು ಕೆಂಪು ಬಟನ್ನು. ಚಿಲಕ ಇಲ್ಲೂ ಇರಲಿಲ್ಲ. "ಒಳಗೆ ಮಾತಾಡ್ತಾ ಇರಬೇಕಾಗಿಲ್ಲ ಅಕ್ಕ, ಏನಾದ್ರೂ ಆದ್ರೆ ಇದನ್ನ ಒತ್ತಿ" ಎಂದಳು ತಮ್ಮನಿಂದ ಮನೆಯ ಕಾನೂನು ಕೇಳಿ ತಿಳಿದಿದ್ದ ನರ್ಸು. ಫಿಟ್ಸ್ ಬಂದವಳು ಬಟನ್ ಒತ್ತುತ್ತಾಳಂತೆ! ಯಾವ ಜಾಣನ ತಲೆಗೆ ಹೊಳೆದದ್ದೋ.

ಮೊದಲ ಬೆಳಿಗ್ಗೆ ಕಾಜಕ್ಕ ಅಭ್ಯಾಸಬಲದಿಂದ ಮಾತು ತೆಗೆದಳು. "ಅಮ್ಮಾ, ಇಲ್ಲಿ ಒಬ್ಬಳಿದ್ದಾಳೆ…" ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಚೊಂಬು ಕೈಯಲ್ಲೇ ಹಿಡಿದು, ಹದಿಮೂರರಲ್ಲಿ ಕೂತಂತೆ ಪಿಟ್ಟೆನ್ನದೆ ಬಾಗಿಲನ್ನೇ ನೋಡುತ್ತಾ ಕೂತಳು. ಹೊರಗೆ ಯಾರೋ ಮಾತಾಡಿಕೊಂಡು ದಾಟಿ ಹೋದರು. ಬಕೆಟ್ಟಿನ ಬಿಸಿನೀರು ತಣ್ಣಗಾಗುವವರೆಗೂ ಕೂತೇ ಇದ್ದಳು. ಬಾಗಿಲನ್ನು ಯಾರೂ ದೂಡಲಿಲ್ಲ.