ಪಕ್ಷವಿಲ್ಲದ ಸಂಸದರ ಕಚೇರಿಯಲ್ಲಿ

ಅಥಣಿ ಕೋರ್ಟಿನಲ್ಲಿ ನಾನು ಜೂನಿಯರ್ ಆಗಿದ್ದಾಗ ನಮ್ಮ ಸೀನಿಯರ್ ಪಕ್ಷೇತರರಾಗಿ ಲೋಕಸಭೆಗೆ ನಿಂತರು. ಗೆಲ್ಲುತ್ತಾರೆಂದು ನಾನು ನಂಬಿರಲಿಲ್ಲ. ಗೆದ್ದ ಮೇಲೆ ಅವರು ನನ್ನನ್ನು ಚಿಕ್ಕೋಡಿಯ ಕಚೇರಿಗೆ ಕರೆದರು. ರಾಯಬಾಗದಲ್ಲಿ ನಮ್ಮವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಪಾರ್ಟಿ ಇಲ್ಲದವ್ರು ಅಲ್ಲಿ ಹೋಗಿ ಏನ್ ಮಾಡ್ತಾರ?"

ಅವ್ವನ ಪ್ರಶ್ನೆಗೆ ಉತ್ತರ ಕೆಲಸಕ್ಕೆ ಸೇರಿದ ಮೊದಲ ಅಧಿವೇಶನದಲ್ಲೇ ಸಿಕ್ಕಿತು. ಪಕ್ಷದವರಿಗೆ ಯಾವ ಮಸೂದೆಗೆ ಹೌದು, ಯಾವುದಕ್ಕೆ ಅಲ್ಲ ಎಂದು ಮೇಲಿನಿಂದ ಸೂಚನೆ ಬರುತ್ತದೆ. ನಮಗೆ ಬರುತ್ತಿರಲಿಲ್ಲ. ಹಾಗಾಗಿ ಪ್ರತಿಯೊಂದನ್ನೂ ಓದಲೇಬೇಕು. ನಾನು ಓದಿ ಸಾರಾಂಶ ಬರೆದು ಕಳಿಸುವುದು, ಅವರು ದಿಲ್ಲಿಯಿಂದ ಫೋನು ಮಾಡಿ ಪಾಟಿ ಸವಾಲು ಮಾಡಿದ ಹಾಗೆ ಕೇಳುವುದು. ಕಾಗವಾಡದ ಕಡೆಯ ಜೈನ ರೈತರ ಮನೆಯವರು ಅವರು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕು. ಸದನ ಸಂಜೆಯ ನಂತರವೂ ನಡೆದರೆ ಉಪವಾಸವೇ. ಹಸಿದ ದಿನ ಅವರ ಪ್ರಶ್ನೆಗಳು ಇನ್ನೂ ಚೂಪಾಗಿರುತ್ತಿದ್ದವು. ನನಗೆ ಆ ಜಗಳ ಇಷ್ಟವಾಗುತ್ತಿತ್ತು.

ಚುನಾವಣೆಯಲ್ಲಿ ಅವರು ಒಂದು ಮಾತು ಕೊಟ್ಟಿದ್ದರು. ಪ್ರತಿ ಅಧಿವೇಶನ ಮುಗಿದ ಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಕ್ಕೆ ಬಂದು ಯಾವುದಕ್ಕೆ ಹೇಗೆ ಮತ ಹಾಕಿದೆ, ಯಾಕೆ ಹಾಕಿದೆ ಎಂದು ಹೇಳುತ್ತೇನೆಂದು. ಮೊದಲ ಸಭೆ ಅಥಣಿಯಲ್ಲಿ. ಎದುರಿಗೆ ಕುಳಿತಿದ್ದ ಕಬ್ಬಿನ ರೈತರೊಬ್ಬರು ಎದ್ದು ನಿಂತರು. ನಮ್ಮ ಕಡೆ ಸಂಸದರಿಗೆ ಖಾಸದಾರ್ ಅನ್ನುತ್ತಾರೆ.

"ಖಾಸದಾರ್ ಸಾಹೇಬ್ರ, ನೀವು ಆ ಮಸೂದೆಗೆ ಬ್ಯಾಡ ಅಂದೀನಿ ಅಂತೀರಿ. ಪೇಪರ್‌ದಾಗ ನಿಮ್ಮ ಹೆಸರ ಎಲ್ಲಿ ಐತಿ?"

"ಇಲ್ರಿ. ಅವತ್ತ ಧ್ವನಿಮತ ಆತು. ಹೌದು ಅನ್ನಾವ್ರು ಒಮ್ಮೆ ಕೂಗ್ತಾರ, ಅಲ್ಲ ಅನ್ನಾವ್ರು ಒಮ್ಮೆ ಕೂಗ್ತಾರ. ಯಾವ ದನಿ ದೊಡ್ಡದು ಅಂತ ಸ್ಪೀಕರ್ ಹೇಳ್ತಾರ. ಯಾರ್ ಏನಂದ್ರು ಅನ್ನೂದು ಬರದಿಡೂದಿಲ್ಲ."

"ಹಂಗಾರ ನಾವು ನಂಬೂದು ಹೆಂಗ್ರಿ?"

ಸಭೆ ನಕ್ಕಿತು. ಅವರು ನಗಲಿಲ್ಲ. "ನೀವು ಕೇಳಿದ್ದು ಖರೆ ಐತಿ. ಇನ್ನ ಮುಂದ ದೊಡ್ಡ ಮಸೂದೆ ಬಂದಾಗ ಎದ್ದು ನಿಂತು, ಗುಂಡಿ ಒತ್ತಿಸಿ ಎಣಿಸ್ರಿ ಅಂತ ಕೇಳ್ತೀನಿ. ಎಣಿಸಿದ್ರ ಹೆಸರ ಬರ್ತದ," ಎಂದರು. ಕೇಳಿದರು ಕೂಡ. ಎಷ್ಟೋ ಸಲ ಗದ್ದಲದಲ್ಲಿ ಅವರ ಕೋರಿಕೆ ಮುಳುಗಿಹೋಯಿತು. ಕೆಲವು ಸಲ ಎಣಿಕೆ ಆಯಿತು. ಒಮ್ಮೆ ಹಸಿರು ಒತ್ತಿ ಸರ್ಕಾರದ ಜೊತೆ ಹೋದರು, ಮುಂದಿನ ವಾರ ಕೆಂಪು ಒತ್ತಿ ವಿರೋಧ ಪಕ್ಷದವರ ಜೊತೆ. ಎರಡೂ ಕಡೆಯವರು ಬೈದರು. ಎರಡೂ ಕಡೆಯ ಬೈಗುಳದ ನಡುವೆ ನಿಲ್ಲುವುದಕ್ಕೆ ಒಂದು ಹದ ಬೇಕು. ಅದು ಅವರಿಗೆ ಕೋರ್ಟಿನಲ್ಲೇ ಬಂದಿತ್ತು.

ಆದರೆ ನಾನು ಹೆಚ್ಚು ಕಲಿತದ್ದು ಸಮಿತಿಯ ಕೆಲಸದಿಂದ. ಅವರನ್ನು ಕಾರ್ಮಿಕರ ವಿಷಯ ನೋಡುವ ಸಂಸದೀಯ ಸಮಿತಿಗೆ ಹಾಕಿದ್ದರು. ಮನೆಯಲ್ಲಿ ಕುಳಿತು ದುಡಿಯುವ ಹೆಂಗಸರ ಸೌಲಭ್ಯಗಳ ಬಗ್ಗೆ ವಿಚಾರಣೆ ಶುರುವಾದಾಗ ಅವರು ನನಗೆ ಹೇಳಿದರು, "ನಿಪ್ಪಾಣಿಗೆ ಹೋಗವಾ. ಬೀಡಿ ಸುತ್ತೂ ಹೆಣ್ಮಕ್ಕಳು ಏನಂತಾರ ಕೇಳಿ, ಅವರ ಮಾತಿನ್ಯಾಗ ಬರಕೊಂಡ ಬಾ."

ಹೋದೆ. ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ ಹೇಳಿದರು. ಒಂದೇ ಮಾತಿನಲ್ಲಿ ಎರಡನ್ನೂ ಬೆರೆಸಿದವರೇ ಹೆಚ್ಚು. ಅಕ್ಕೋಳದ ಒಬ್ಬ ವಯಸ್ಸಾದ ಹೆಂಗಸು ಮಡಿಲಲ್ಲಿದ್ದ ತಂಬಾಕಿನ ಮೊರವನ್ನು ಪಕ್ಕಕ್ಕೆ ಸರಿಸಿ, ತನ್ನ ಹೆಬ್ಬೆರಳನ್ನು ನನ್ನ ಅಂಗೈಗೆ ಒತ್ತಿದರು.

"ನೋಡ ತಂಗಿ, ಗೆರಿ ಎಲ್ಲಿ ಅದಾವು? ಎಲಿ ಸುತ್ತಿ ಸುತ್ತಿ ಸವದಾವು. ಪೆನ್ಶನ್ ಕೇಳಾಕ ಹೋದ್ರ ಮಶೀನ್ ನಾ ನಾನೇ ಅಲ್ಲ ಅಂತೈತಿ."

ಆ ಬೆರಳು ಹೊಳೆಯ ಕಲ್ಲಿನ ಹಾಗೆ ನುಣುಪಾಗಿತ್ತು. ಅಲ್ಲಿದ್ದ ಇನ್ನೂ ಕೆಲವರು ತಮ್ಮ ಕೈ ಚಾಚಿದರು. ನಾನು ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಆ ಹೆಂಗಸರ ಹೆಸರಿನಲ್ಲೇ ಸಮಿತಿಗೆ ಮನವಿ ಸಿದ್ಧಮಾಡಿದೆ. ಅವರ ಮಾತನ್ನು ನಯ ಮಾಡಲು ಹೋಗಲಿಲ್ಲ.

ಸಮಿತಿ ಆ ಮನವಿಯನ್ನು ಚರ್ಚೆಗೆ ತೆಗೆದುಕೊಂಡಿತು. ತೊಡಕು ಹುಟ್ಟಿದ್ದು ಅಲ್ಲಿಂದ. ಸಮಿತಿಯೊಳಗಿನ ಮಾತು, ವರದಿ ಸದನದಲ್ಲಿ ಮಂಡನೆಯಾಗುವವರೆಗೆ ಹೊರಗೆ ಹೇಳುವ ಹಾಗಿಲ್ಲ. ಆ ಸಲ ನಿಪ್ಪಾಣಿಯ ಸಭೆಗೆ ಅಕ್ಕೋಳದ ಆ ಅಜ್ಜಿ ಬಂದಿದ್ದರು.

"ನಮ್ಮ ಮಾತು ಅಲ್ಲಿ ಹೇಳಿದ್ರೋ ಇಲ್ಲೋ ಸಾಹೇಬ್ರ?"

"ಈಗ ಹೇಳಾಕ ಬರೂದಿಲ್ರಿ ಅಜ್ಜಿ. ವರದಿ ಬರೂತನ ಬಾಯಿ ಬಿಡಬಾರದು ಅಂತ ನಿಯಮ ಐತಿ."

"ಹೇಳಾಕ ಬರದಂಥಾದ್ದು ಅದೆಂಥಾ ಕೆಲಸರಿ?" ಎಂದು ಅವರು ಸೆರಗು ಸರಿಪಡಿಸಿಕೊಂಡು ಹೊರಟೇಬಿಟ್ಟರು. ಅವರ ಹಿಂದೆ ಅರ್ಧ ಸಭೆಯೂ ಎದ್ದಿತು. ವೇದಿಕೆಯ ಮೇಲೆ ಕೂತಿದ್ದ ನನಗೆ ಮನವಿ ಚರ್ಚೆಗೆ ಬಂದದ್ದು ಗೊತ್ತಿತ್ತು. ಒಂದು ವಾಕ್ಯ ಹೇಳಿದ್ದರೆ ಅವರೆಲ್ಲ ಮತ್ತೆ ಕೂರುತ್ತಿದ್ದರು.

ಕಾರಿನಲ್ಲಿ ಕೇಳಿಯೇಬಿಟ್ಟೆ, "ಸರ್, ಅಜ್ಜಿಗೊಬ್ಬಾಕಿಗೆ ಹೇಳಿದ್ರ ಏನ್ ಆಗ್ತಿತ್ತು?"

"ಇವತ್ತ ನಾ ಬಾಯಿ ಬಿಟ್ರ ನಾಳೆ ಸಮಿತಿಯೊಳಗ ನನ್ನ ಮಾತ್ ಯಾರೂ ಕೇಳೂದಿಲ್ಲ. ಬ್ಯಾರೆ ಪಾರ್ಟಿದವ್ರು ಅಲ್ಲಿ ನನ್ನ ಜೋಡಿ ಬಿಚ್ಚಿ ಮಾತಾಡ್ತಾರ. ಯಾಕಂದ್ರ ಅದು ಟೀವಿಗೆ ಹೋಗೂದಿಲ್ಲ ಅಂತ ಅವರಿಗೆ ಗೊತ್ತೈತಿ. ಸಿಟ್ಟಾಗ್ಲಿ ಬಿಡು. ಕೆಲಸ ಆಗ್ಲಿ."

ಅವರ ದನಿಯಲ್ಲಿ ಅಳುಕಿರಲಿಲ್ಲ. ಆ ದಿನ ನನಗೆ ಸಮಾಧಾನವಾಗಲಿಲ್ಲವೆಂಬುದು ನಿಜ. ಆದರೂ ನಿಯಮ ಮುರಿಯಬೇಕಿತ್ತು ಎಂದು ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ.

ಮುಂದಿನ ಅಧಿವೇಶನದಲ್ಲಿ ವರದಿ ಮಂಡನೆಯಾಯಿತು. ನಾನು ಅದನ್ನು ತೆಗೆದುಕೊಂಡು ನಿಪ್ಪಾಣಿಗೆ ಹೋದೆ. ಗೆರೆ ಸವೆದ ಬೆರಳಿನವರಿಗೆ ಮುಖವನ್ನೋ ಕಣ್ಣನ್ನೋ ನೋಡಿ ಗುರುತು ಹಿಡಿಯಬೇಕು, ಮಶೀನು ಹಿಡಿಯಲಿಲ್ಲವೆಂಬ ಕಾರಣಕ್ಕೆ ಯಾರನ್ನೂ ವಾಪಸು ಕಳಿಸಬಾರದು ಎಂದು ಸಮಿತಿ ಒಮ್ಮತದಿಂದ ಹೇಳಿತ್ತು. ಮನೆಯಲ್ಲಿ ಸುತ್ತುವವರಿಗೂ ಕಾರ್ಖಾನೆಯವರಂತೆ ಹೆರಿಗೆ ರಜೆಯ ಸಂಬಳ ಬೇಕೆಂಬ ನಮ್ಮವರ ಬೇಡಿಕೆಯನ್ನು ಸಮಿತಿ ಒಪ್ಪಿರಲಿಲ್ಲ. ಅದನ್ನು ನಮ್ಮ ಸಂಸದರು ವರದಿಯ ಕೊನೆಗೆ ತಮ್ಮ ಭಿನ್ನಮತವಾಗಿ ಬರೆದು ಸಹಿ ಹಾಕಿದ್ದರು. ಒಂದು ಪ್ಯಾರಾ ಕನ್ನಡದಲ್ಲಿ, ಮತ್ತದೇ ಪ್ಯಾರಾ ಮರಾಠಿಯಲ್ಲಿ ನಿಂತ ನಿಲುವಿನಲ್ಲೇ ಹೇಳುತ್ತಾ ಹೋದೆ. ಗಂಟಲು ಒಣಗಿದರೂ ನಿಲ್ಲಿಸಲು ಮನಸ್ಸಾಗಲಿಲ್ಲ.

ಸಚಿವಾಲಯ ಮೊದಲನೆಯದನ್ನು ಒಪ್ಪಿಕೊಂಡಿತು. ಅದು ಆದೇಶವಾಗಿ ನಮ್ಮ ಕಡೆಯ ಕಚೇರಿಗೆ ಬರಲು ಇನ್ನಷ್ಟು ತಿಂಗಳು, ಹಲವು ಫೋನು ಹಿಡಿಯಿತು. ಅಕ್ಕೋಳದ ಅಜ್ಜಿಯ ಪೆನ್ಶನ್ ಶುರುವಾದ ಸುದ್ದಿಯನ್ನು ಅವರ ಸೊಸೆ ತಿಳಿಸಿದಳು. ಸ್ವಲ್ಪ ದಿನ ಬಿಟ್ಟು ಅಜ್ಜಿಯೇ ಚಿಕ್ಕೋಡಿಗೆ ಬಂದರು. ಸಂಸದರು ಮಧ್ಯಾಹ್ನದ ಊಟಕ್ಕೆ ಏಳುತ್ತಿದ್ದರು.

"ಹೆರಿಗಿ ರಜಾದ್ದು ಏನಾತ್ರಿ?" ಎಂದು ಅಜ್ಜಿ ಕೇಳಿದರು. "ನಂದು ಮುಗೀತು. ನನ್ನ ಮೊಮ್ಮಗಳೂ ಬೀಡಿ ಸುತ್ತತಾಳ."

ಸಂಸದರು ಮತ್ತೆ ಕುರ್ಚಿಗೆ ಕುಳಿತರು. "ಅದಕ್ಕ ನಾ ಒಬ್ಬಾಂವನ ಅದೀನ್ರಿ ಅಜ್ಜಿ. ಇನ್ನೊಂದಿಷ್ಟು ಮಂದಿನ ಒಪ್ಪಸಬೇಕು."

"ಒಪ್ಪಸ್ರಿ ಮತ್ತ. ಈಗ ಕೇಳಬಹುದಲ್ಲ, ಯಾರ್ ಯಾರ್ ಬ್ಯಾಡ ಅಂದಾರ?"

ಸಮಿತಿಯೊಳಗೆ ಯಾರು ಏನೆಂದರೆಂಬುದನ್ನು ವರದಿ ಬಂದ ಮೇಲೂ ಹೇಳುವ ಹಾಗಿರಲಿಲ್ಲ. ಈ ಸಲ ಅಜ್ಜಿ ಎದ್ದು ಹೋಗಲಿಲ್ಲ. ಚಹಾ ತರಿಸಿದೆ. ಮೊಮ್ಮಗಳಿಗೆ ಕಾರ್ಖಾನೆ ಕೊಟ್ಟ ಕೆಲಸದ ಕಾರ್ಡು ಯಾರ ಹೆಸರಿನಲ್ಲಿದೆ, ಎಲೆ ತಂಬಾಕು ಮನೆಗೆ ಯಾರು ತಂದುಕೊಡುತ್ತಾರೆ ಎಂದು ಸಂಸದರು ಒಂದೊಂದಾಗಿ ಕೇಳತೊಡಗಿದರು. ನಾನು ಪೆನ್ನು ತೆಗೆದುಕೊಂಡು ಅವರ ಪಕ್ಕಕ್ಕೆ ಕುರ್ಚಿ ಎಳೆದೆ.