ಲಕ್ಷ್ಮೇಶ್ವರದಿಂದ ಡೋಣಿಗೆ ಹತ್ತು ನಿಮಿಷ

ಹೆಣ್ಣು ಕೊಡುವ ಊರು ಎಷ್ಟು ದೂರ ಇರಬೇಕು ಎಂಬುದಕ್ಕೆ ನಮ್ಮವ್ವನ ಅಳತೆಯೇ ಬೇರೆ ಇತ್ತು. ಲಕ್ಷ್ಮೇಶ್ವರದ ನಮ್ಮ ಒಲೆಯ ಮುಂದೆ ನಸುಕಿನಲ್ಲಿ ಕಲಸಿದ ಮೊಸರನ್ನ ಮಗಳ ಮನೆ ಮುಟ್ಟುವುದರೊಳಗೆ ಹುಳಿಯಾಗಬಾರದು. ಅಷ್ಟೇ. ಅಕ್ಕನನ್ನು ಶಿಗ್ಲಿಗೆ ಕೊಟ್ಟಿದ್ದು ಈ ಲೆಕ್ಕದ ಮೇಲೆಯೇ. ನನಗೆ ಡೋಣಿಯ ಸಂಬಂಧ ಬಂದಾಗ ಅವ್ವ ವರನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಅಲ್ಲೀತನಾ ಬುತ್ತಿ ತಡೆಯೂದಿಲ್ಲ, ಬ್ಯಾಡ" ಅಂದುಬಿಟ್ಟಳು.

ನನಗೋ ಮನಸ್ಸಿತ್ತು. ಹೆಣ್ಣು ನೋಡಲು ಬಂದಾಗ ಅವರು ಅವಲಕ್ಕಿಯೊಳಗಿನ ಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡೇ "ಛಲೋ ಆಗೈತ್ರಿ" ಅಂದಿದ್ದರು. ಆದರೆ ಆ ಕಾಲದಲ್ಲಿ ನನ್ನನ್ನು ಕೇಳುವವರು ಯಾರು?

ಕರ್ನಾಟಕ ಒಂದಾದ ಹೊಸತು ಅದು. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ನನ್ನ ಸೋದರಮಾವ ಹೊಸ ರಾಜ್ಯದ ನಕಾಶೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದ. ಅವತ್ತು ಅದನ್ನು ಅವ್ವನ ಮುಂದೆ ಹಾಸಿದ.

"ಮೊದಲ ನಾವು ಸಂಸ್ಥಾನದವರು, ಡೋಣಿಯವರು ಮುಂಬೈ ಸರಕಾರದವರು. ಈಗ ಎಲ್ಲಾರೂ ಒಂದ ಬಣ್ಣದಾಗ ಅದೇವಿ, ನೋಡಕ್ಕಾ." ಫೂಟುಪಟ್ಟಿ ಇಟ್ಟು ಗೆರೆ ಎಳೆದ. "ವಿಮಾನದಾಗ ಕುಂತ್ರ ಹತ್ತು ನಿಮಿಷದ ದಾರಿ."

"ನಡುವ ಕಪ್ಪತಗುಡ್ಡ ಐತೆಲ್ಲೊ?"

"ವಿಮಾನಕ್ಕ ಗುಡ್ಡ ಕಾಣಸ್ತೈತಿ, ಅಡ್ಡ ಬರೂದಿಲ್ಲ."

"ಎಲ್ಲಿ ಇಳೀತೈತಿ ಅದು?"

"ಇಳಿಯೂ ಮಾತಲ್ಲಕ್ಕಾ, ನಾ ದೂರ ಹೇಳಾಕತ್ತೇನಿ."

"ಹಂಗಾರ ನಾಳೆ ನೀನ ಹೋಗಿ ಬಾ. ಬುತ್ತಿ ಕಟ್ಟಿಕೊಡತೇನಿ. ಹುಳಿ ಆಗಲಿಲ್ಲಂದ್ರ ಹುಡುಗಿ ಕೊಡೂಣು."

ಮರುದಿನ ಮಾವ ಮೊದಲ ಬಸ್ಸಿಗೆ ಹೊರಟ. ಮುಳಗುಂದದ ಮೇಲೆ ಗದಗ, ಅಲ್ಲಿ ಮುಂಡರಗಿ ಕಡೆಯ ಬಸ್ಸಿಗೆ ಕಾಯುವುದು, ಇಳಿದ ಮೇಲೆ ನಡಿಗೆ. ತಿರುಗಿ ಬಂದದ್ದು ಅದರ ಮರುದಿನ ಸಂಜೆ. ಅವ್ವ ನೀರು ಕೊಡುವ ಮೊದಲು ಡಬ್ಬಿ ಇಸಿದುಕೊಂಡು ಮೂಸಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಹೆಂಗಿತ್ತೊ ಬುತ್ತಿ?"

"ದೇವರಾಣಿ ಅಕ್ಕಾ, ಒಂದ ಅಗಳೂ ಹುಳಿ ಆಗಿರಲಿಲ್ಲ. ಅಷ್ಟೂ ತಿಂದೆ."

ಮಾತಿಗೆ ತಪ್ಪುವವಳಲ್ಲ ಅವ್ವ. ಮದುವೆ ಆತು.

ಮಾವನ ಆಣೆಯೂ ಸುಳ್ಳಾಗಿರಲಿಲ್ಲ. ಅವನು ಅವತ್ತು ಹೊತ್ತು ಮುಳುಗುವಾಗ ಖಾಲಿ ಡಬ್ಬಿ ಹಿಡಿದು ಬಂದಿದ್ದನೆಂದು ಡೋಣಿಗೆ ಹೋದ ಮೇಲೆ ಅತ್ತಿ ಹೇಳಿದರು. ಬುತ್ತಿ ಗದಗದ ಬಸ್ ಸ್ಟ್ಯಾಂಡಿನಲ್ಲೇ, ಇನ್ನೂ ಊಟದ ಹೊತ್ತಾಗುವ ಮೊದಲೇ, ಮುಗಿದಿತ್ತು. "ಹಸಿದು ಬಂದಿದ್ರು ಪಾಪ, ನಾಕು ರೊಟ್ಟಿ ಉಂಡ್ರು" ಅಂದರು.

ನನಗೆ ಐದು ತಿಂಗಳಾದಾಗ ಬಯಕೆಯ ಬುತ್ತಿ ಹೊತ್ತು ಅವ್ವ ತಾನೇ ಬಂದಳು. ಹೊಸಿಲು ದಾಟುವಾಗ ದೀಪ ಹಚ್ಚುವ ಹೊತ್ತು. ಸೀರೆಯ ನೆರಿಗೆಯ ತುಂಬ ಕೆಂಪು ಧೂಳು. ಕೈಕಾಲು ತೊಳೆದು, ಡಬ್ಬಿ ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ವಾಸನೆ ಪಡಸಾಲೆಯ ತನಕ ಹೋಯಿತು.

ನಾನು ದೊಡ್ಡ ತುತ್ತೊಂದು ಬಾಯಿಗಿಟ್ಟೆ. ಹಲ್ಲು ಚುಳ್ ಅಂದವು.

"ಹುಳಿ ಆಗೈತೇನು?"

"ಇಲ್ಲವ್ವಾ."

ಅವ್ವ ಚೂರು ತೆಗೆದು ತಾನೂ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದಳು.

"ಖರೆ, ಆಗಿಲ್ಲ" ಅಂದಳು. "ಹತ್ತು ನಿಮಿಷದ ದಾರಿ, ಹೆಂಗ ಹುಳಿ ಆದೀತು?"