ಮುಲ್ಕಿ ಹಾದಿಯ ನೀರು

ಸೈಕಲ್ ಹೊಡೆಯುವುದು ಮೈಗೂ ಮನಸ್ಸಿಗೂ ಒಳ್ಳೆಯದು ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ಹೇಸಿಗೆಯಾಗುತ್ತದೆ. ಸೈಕಲ್ಲಿನ ಮೇಲಲ್ಲ, ಪಾಪ, ಅದೇನು ಮಾಡೀತು. ರವಿವಾರ ರವಿವಾರ ನನ್ನ ಮುಂದೆ ಸೈಕಲ್ ತುಳಿಯುತ್ತ ಹೋಗುತ್ತಿದ್ದ ಎರಡು ಬೆವೆತ ಬೆನ್ನುಗಳು ಕಣ್ಣಿಗೆ ಕಟ್ಟುತ್ತವೆ.

ಎಪ್ಪತ್ತರ ದಶಕ. ಜಮಖಂಡಿಯ ಒಂದು ಕಚೇರಿಯಲ್ಲಿ ನಾನು ಹೊಸ ಕಾರಕೂನ. ಬಾಡಿಗೆಗಿದ್ದ ಮನೆಯ ಮಾಲೀಕರು ಸಾಲೆಯೊಂದರಲ್ಲಿ ಡ್ರಿಲ್ ಮಾಸ್ತರರು. ಅವರಿಗೆ ಹಾದಿಯಲ್ಲದ ಹಾದಿಯಲ್ಲಿ ಸೈಕಲ್ ಹೊಡೆಯುವ ಹುಚ್ಚು. ಡಾಂಬರು ರಸ್ತೆ ಕಂಡರೆ ಮೂಗು ಮುರಿಯುತ್ತಿದ್ದರು. ಅವರ ಜೋಡಿ ಬನಹಟ್ಟಿಯ ಒಬ್ಬ ಸೀರೆ ವ್ಯಾಪಾರಿ. ಹೊಟ್ಟೆ ಕರಗಿಸಲು ಬರುತ್ತಿದ್ದವರು, ದಾರಿಯುದ್ದಕ್ಕೂ ಚುರುಮುರಿ ಮೆಲ್ಲುತ್ತಿದ್ದರು. ಮನೆ ಬಿಡಿಸಿಬಿಟ್ಟಾರೆಂಬ ಅಂಜಿಕೆಗೆ ನಾನು ಮೂರನೆಯವನಾದೆ.

ಮಾಸ್ತರರು ಹಾದಿಗಳಿಗೂ ಸಾಲೆಯ ತರಗತಿಗಳ ಹಾಗೆ ಇಯತ್ತೆ ಹಚ್ಚಿದ್ದರು. ಹುನ್ನೂರಿನ ಕಡೆಯ ಬಂಡಿ ದಾರಿ ಬಿನ್ನೆತ್ತೆ, ಅಂದರೆ ಇನ್ನೂ ಒಂದನೇ ಇಯತ್ತೆಗೂ ಬಾರದ ಕೂಸುಗಳದ್ದು. ಎರೆಹೊಲದ ನಡುವಿನ ಕಾಲುಹಾದಿ ನಾಲ್ಕನೇ ಇಯತ್ತೆ. ಬೀಳಗಿ ಕಡೆಯ ಕುರುಚಲು ಅಡವಿಯೊಳಗೆ ಕಲ್ಲು, ಜಾಲಿ, ಕೊರಕಲುಗಳ ನಡುವೆ ಹಳ್ಳಕ್ಕಿಳಿಯುವ ದಾರಿ ಮುಲ್ಕಿ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನೇ ಮನುಷ್ಯ ಎನ್ನುವ ಕಾಲದವರು ಅವರು.

ಬಿನ್ನೆತ್ತೆ ಹಾದಿ ಸಪಾಟು ಎಂಬುದು ಖರೆ. ಆದರೆ ಊರಿನ ಗಂಡಸರೆಲ್ಲ ಬೆಳಗ್ಗೆ ಚರಗಿ ಹಿಡಿದು ಬಂದು ಕೂಡುವುದೂ ಅದೇ ಹಾದಿಯ ಎರಡೂ ಬದಿಗೆ. ಮಾಸ್ತರರು ಸೈಕಲ್ಲಿನ ಮೇಲಿಂದಲೇ ಅವರಿಗೆಲ್ಲ ನಮಸ್ಕಾರ ಹೇಳುತ್ತ, ಬೆಳೆ ಹೇಗಿದೆ ಎಂದು ವಿಚಾರಿಸುತ್ತ ಹೋಗುತ್ತಿದ್ದರು. ಕೂತವರು ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದರು. ನಾನು ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಗಾಲಿ ತಪ್ಪಿಸುತ್ತಿದ್ದೆ. ಮನೆಗೆ ಬಂದ ಮೇಲೆ ಟಾಯರ್ ತೊಳೆಯುವ ಕೆಲಸ ಯಾವಾಗಲೂ ನನ್ನದೇ.

ನಾಲ್ಕನೇ ಇಯತ್ತೆಯಲ್ಲಿ ಬೇರೆ ಫಜೀತಿ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮಡಗಾರ್ಡಿಗೂ ನಡುವೆ ಗಚ್ಚಿನಂತೆ ಕೂತುಬಿಡುತ್ತದೆ. ನಮ್ಮ ಕಡೆಯ ರೈತರು ಮಳೆ ಶುರುವಾಗುವ ಮುಂಚೆಯೇ ಮಡಗಾರ್ಡ್ ಬಿಚ್ಚಿ ಮನೆಯ ಮಾಡಿನಲ್ಲಿ ಇಡುತ್ತಾರೆ. ನಮ್ಮ ಸೀರೆ ವ್ಯಾಪಾರಿಗಳು ಮಾತ್ರ ಫಳಫಳ ಹೊಳೆಯುವ ಹೊಸ ಮಡಗಾರ್ಡ್ ತೊಡಿಸಿ, ಅದರ ತುದಿಗೆ ಕುಚ್ಚು ಕಟ್ಟಿಕೊಂಡು ಬಂದರು. ಅರ್ಧ ಹೊಲ ದಾಟುವುದರೊಳಗೆ ಸೈಕಲ್ ಸತ್ತ ಎಮ್ಮೆಯಾಯಿತು. ಹೊತ್ತವನು ನಾನು. ಅವರು ಬದುವಿನ ಮೇಲೆ ನಿಂತು, ಕುಚ್ಚು ಹೊಲಸಾಗದ ಹಾಗೆ ನೋಡಿಕೋ ಎಂದು ಕೂಗುತ್ತಿದ್ದರು.

ಇಷ್ಟೆಲ್ಲ ನಗುತ್ತ ಹೇಳಬಹುದು, ಹೇಳುತ್ತೇನೆ ಕೂಡ. ಮುಲ್ಕಿ ಹಾದಿಯದನ್ನು ಮಾತ್ರ ನಗುತ್ತ ಹೇಳಲು ನನಗೆ ಬಂದಿಲ್ಲ.

ಅದು ಬೇಸಿಗೆಯ ಒಂದು ರವಿವಾರ. ಅಡವಿ ಒಣಗಿ ನಿಂತಿತ್ತು. ನಮ್ಮ ಸದ್ದಿಗೆ ಎರಡು ಚಿಗರಿ ಜಿಗಿದು ಓಡಿದವು, ಆ ದಿನ ನಾನು ಕಂಡ ಚೊಕ್ಕಟ ಜೀವಗಳೆಂದರೆ ಅವೇ. ಮಾಸ್ತರರ ಬಾಯಿತುಂಬ ಎಲೆ, ತಂಬಾಕು. ಮುಂದೆ ಹೋಗುವವರು ಉಗುಳಿದ್ದು ಹಿಂದೆ ಬರುವವನ ಅಂಗಿಗೆ, ಇದು ಸೈಕಲ್ ಸವಾರಿಯ ನಿಯಮ. ತಂದ ನೀರನ್ನು ವ್ಯಾಪಾರಿಗಳು ಅರ್ಧ ದಾರಿಯಲ್ಲೇ ಮುಖಕ್ಕೆ ಹೊಡೆದುಕೊಂಡು ಮುಗಿಸಿದ್ದರು.

ಹಳ್ಳ ಬತ್ತಿತ್ತು. ಉಸುಕಿನಲ್ಲಿ ಒಬ್ಬ ಮುದುಕಿ ವರ್ತಿ ತೋಡಿಕೊಂಡು ಕೂತಿದ್ದಳು. ಕೈಯಿಂದ ಉಸುಕು ಕೆತ್ತಿ ಕುಣಿ ಮಾಡುವುದು, ಒಸರುವ ಮೊದಲ ಕಲಕು ನೀರನ್ನೆಲ್ಲ ಎತ್ತಿ ಚೆಲ್ಲುವುದು, ತಿಳಿಯಾಗುವ ತನಕ ಕಾಯುವುದು, ಆಮೇಲೆ ತೆಂಗಿನ ಪರಟೆಯಿಂದ ಒಂದೊಂದೇ ಗುಟುಕು ಎತ್ತಿ ಕೊಡಕ್ಕೆ ಹಾಕುವುದು. ವರ್ತಿಯ ದಂಡೆಗೆ ಕಾಲ್ಮರಿ ಮೆಟ್ಟಿಕೊಂಡು ಯಾರೂ ಹೋಗುವುದಿಲ್ಲ. ಅವಳ ಕೊಡ ಅರ್ಧ ತುಂಬಿತ್ತು.

ಮಾಸ್ತರರು ದಿಬ್ಬದ ಮೇಲೆ ನಿಂತು, "ತಮ್ಮಾ, ಬ್ರೇಕ್ ಹಿಡೀಲಾರದs ಇಳಿದ್ರ ಮುಲ್ಕಿ ಪಾಸ್ ನೋಡು" ಎಂದವರೇ ಸೈಕಲ್ ಇಳಿಯಬಿಟ್ಟರು. ಕಲ್ಲಿನ ಮೇಲೆ ಪುಟಿಯುತ್ತ ಬಂದ ಸೈಕಲ್ ಅವರ ಸಮೇತ ಸೀದಾ ವರ್ತಿಯೊಳಗೆ ಬಿತ್ತು. ಕುಣಿಯ ಒಂದು ಮಗ್ಗುಲು ಕುಸಿಯಿತು. ಮುದುಕಿ ಕೊಡ ಅವುಚಿಕೊಂಡು ಹಿಂದೆ ಸರಿದಿದ್ದರಿಂದ ಅದೊಂದು ಉಳಿಯಿತು.

"ಏನಬೇ, ಹಾದ್ಯಾಗ ತೆಗ್ಗ ತಗದ ಕುಂತೀಯಲ್ಲ, ಕಣ್ಣ ಕಾಣಂಗಿಲ್ಲೇನು?" ಎಂದರು ಮಾಸ್ತರರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಯಪ್ಪಾ, ಸೊಸಿ ಹಡದಾಳ್ರಿ," ಎಂದಳು ಮುದುಕಿ. ಸಿಟ್ಟಿಲ್ಲ, ಹಣೆ ಹಣೆ ಬಡಿದುಕೊಳ್ಳಲೂ ಇಲ್ಲ. "ನಿನ್ನೆಯಿಂದ ಬಾಣಂತಿಗೆ ಒಂದು ಗುಟುಕು ಬಿಸಿನೀರಿಲ್ರಿ. ಕೂಸಿನ ಮೈ ತೊಳದಿಲ್ಲ. ಮುಂಜಾನಿಂದ ಇದೊಂದs ವರ್ತಿ ಒಸರೇತ್ರಿ."

ಮಾಸ್ತರರಿಗೆ ಇದು ಕೇಳಿಸಿತೋ ಇಲ್ಲವೋ. ಅವರು ಅದೇ ನೀರಿನಲ್ಲಿ ಸೈಕಲ್ಲಿನ ಚೈನು ಅದ್ದಿ ಉಸುಕು ತೊಳೆದರು. ಎಣ್ಣೆ ಕಪ್ಪಗೆ ತೇಲಿತು. ಮೊಣಕಾಲು ತರಚಿದ್ದನ್ನು ತೊಳೆದರು. ಬಾಯಿ ಮುಕ್ಕಳಿಸಿ ಕೆಂಪಗೆ ಅಲ್ಲೇ ಉಗುಳಿದರು. ಅಷ್ಟರಲ್ಲಿ ಪೊದೆಯ ಮರೆಗೆ ಹೋಗಿದ್ದ ವ್ಯಾಪಾರಿಗಳು ಖಾಲಿ ಚರಗಿ ಹಿಡಿದು ಧೋತರ ಎತ್ತಿಕೊಂಡು ಅವಸರದಲ್ಲಿ ಬಂದರು. ಬಂದು, ಅದೇ ಕುಣಿಯಲ್ಲಿ ಚರಗಿ ಮುಳುಗಿಸಿ, ಅದರ ದಂಡೆಗೇ ಕೂತು ತೊಳೆದುಕೊಂಡರು.

"ಕುಡಿಯೂ ನೀರ್ರಿ ಅದು!" ಎಂದು ಚೀರಿದೆ.

"ಗಂಗವ್ವಗ ಮೈಲಿಗಿ ಇಲ್ಲಪಾ ತಮ್ಮಾ," ಎಂದು ಮಾಸ್ತರರು ನಕ್ಕರು. ಸಾಲೆಯಲ್ಲಿ ಪ್ರತಿ ಶನಿವಾರ ಹುಡುಗರ ಉಗುರು ನೋಡಿ ಛಡಿಯಿಂದ ಹೊಡೆಯುತ್ತಿದ್ದ ಮನುಷ್ಯ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಬಿಸಿಲು ಏರಿತ್ತು. ತಂಬಾಕು ತಲೆಗೇರಿತೋ, ಬಿದ್ದ ಪೆಟ್ಟೋ, ಮಾಸ್ತರರು ಕಣ್ಣಿಗೆ ಕತ್ತಲೆ ಬಂದು ಜಾಲಿಯ ನೆರಳಲ್ಲಿ ಕೂತುಬಿಟ್ಟರು. ತುಟಿ ಬೆಳ್ಳಗಾಗಿತ್ತು. "ನೀರು... ನೀರು ನೋಡ್ರಿ ಎಲ್ಲೆರ" ಎಂದರು. ಸಮೀಪದಲ್ಲಿ ಊರಿಲ್ಲ.

ಮುದುಕಿ ಎದ್ದು ಬಂದಳು. ತಾನಾಗಿಯೇ ಬಂದಳು, ಯಾರೂ ಕರೆದಿರಲಿಲ್ಲ. ಕೊಡದ ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿ, ಪರಟೆ ತುಂಬ ನೀರು ಎತ್ತಿ ಹಿಡಿದಳು. ಎಷ್ಟು ತಿಳಿಯಾಗಿತ್ತೆಂದರೆ ಪರಟೆಯ ತಳದ ಗೆರೆಗಳು ಕಾಣುತ್ತಿದ್ದವು.

"ಯಾರ ಪೈಕಿನಬೇ ನೀ?" ಎಂದು ಕೇಳಿದರು ಮಾಸ್ತರರು. ಕಣ್ಣು ಬಿಡಲಾಗುತ್ತಿರಲಿಲ್ಲ, ಆದರೂ ಕೇಳಿದರು.

ಅವಳು ಹೇಳಿದಳು.

ಮಾಸ್ತರರು ಕೈ ಅಡ್ಡ ಹಿಡಿದರು. "ಒಲ್ಲೆ. ನಿಮ್ಮ ಕೈನೀರ ನಮಗ ನಡಿಯಂಗಿಲ್ಲ. ಮ್ಯಾಲಿಂದ ಎತ್ತಿ ಹೊಯ್ದ್ರೂ ನಡಿಯಂಗಿಲ್ಲ." ವ್ಯಾಪಾರಿಗಳತ್ತ ತಿರುಗಿ, "ಏ ಸಾಹುಕಾರ, ವರ್ತ್ಯಾಗಿಂದs ಒಂದ ಚರಗಿ ತಾರೋ" ಎಂದರು.

ವ್ಯಾಪಾರಿಗಳು ಒಂದು ಗಳಿಗೆ ತಡವರಿಸಿದರು. ತಾವು ಏನು ಮಾಡಿ ಬಂದಿದ್ದೇವೆಂಬುದು ಅವರಿಗೆ ಗೊತ್ತಿತ್ತು. ಆಮೇಲೆ ಹೋಗಿ ಅದೇ ಚರಗಿಯನ್ನು ಉಸುಕಿನಿಂದ ತಿಕ್ಕಿ, ಅದೇ ಕುಣಿಯಲ್ಲಿ ತುಂಬಿ ತಂದರು. ಮೇಲೆ ಎಣ್ಣೆಯ ಬಣ್ಣ, ಒಳಗೆ ಕೆಸರು, ಎಲೆಯ ಚೂರು. ಮಾಸ್ತರರು ಕಣ್ಣು ಮುಚ್ಚಿ, ಗಟಗಟನೆ, ತಳ ಮುಟ್ಟುವ ತನಕ ಕುಡಿದರು. ಗಂಟಲು ಏರಿಳಿಯುವುದನ್ನು ನೋಡುತ್ತ ನಿಂತಿದ್ದೆ. ಮನುಷ್ಯ ಜಾತಿಯ ಮೇಲೆಯೇ ವಾಕರಿಕೆ ಬಂತು. ಕುಡಿದು ಬಾಯಿ ಒರೆಸಿಕೊಂಡು, "ಹಾಂ, ಜೀವ ಬಂತು" ಎಂದರು. ಒಬ್ಬರು ಇನ್ನೊಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ಸೈಕಲ್ ತಳ್ಳುತ್ತ ದಿಬ್ಬ ಹತ್ತಿದರು.

ಮುದುಕಿಯ ಕೈಯಲ್ಲಿ ಪರಟೆ ಹಾಗೇ ಇತ್ತು. ಅದನ್ನು ನನ್ನ ಕಡೆ ಚಾಚಿದಳು. "ನೀವರೆ ಕುಡೀರಿ ಯಪ್ಪಾ, ತುಟಿ ಒಣಗ್ಯಾವು."

ನನಗೂ ಗಂಟಲು ಸುಡುತ್ತಿತ್ತು. ಅರ್ಧ ಕೊಡ ನೀರು, ಗುಡಿಸಲಲ್ಲಿ ಬಾಣಂತಿ, ತೊಳೆಯದ ಕೂಸು, ಕೆಟ್ಟುಹೋದ ವರ್ತಿ. ಆ ಒಂದು ಗುಟುಕು ನಾನು ಹೇಗೆ ಕುಡಿಯಲಿ? "ಬ್ಯಾಡ ಯವ್ವಾ" ಎಂದೆ.

ಅವಳು ನನ್ನ ಮುಖ ನೋಡಿದಳು. ಪರಟೆಯ ನೀರನ್ನು ಒಂದು ಹನಿಯೂ ಚೆಲ್ಲದ ಹಾಗೆ ಕೊಡಕ್ಕೆ ವಾಪಸು ಹಾಕಿದಳು.

"ಹಂಗಲ್ಲ ಯವ್ವಾ," ಎಂದು ನಾನು ಗಡಬಡಿಸಿದೆ. "ಬಾಣಂತಿಗೆ ಬೇಕಲ್ಲ, ಅದಕ್ಕ ಒಲ್ಲೆ ಅಂದೆ. ಖರೇನs."

"ಹೂನ್ರಿ," ಎಂದಳು ಅವಳು, ಅರಿವೆಯನ್ನು ಕೊಡದ ಬಾಯಿಗೆ ಕಟ್ಟುತ್ತ. "ಒಲ್ಲೆ ಅನ್ನಾವ್ರೆಲ್ಲಾ ಒಂದೊಂದು ನೆವ ಹೇಳ್ತಾರ್ರಿ. ನೀವು ಚೆಂದಂದು ಹೇಳಿದ್ರಿ."

ಕೊಡವನ್ನು ಸೊಂಟಕ್ಕೇರಿಸಿಕೊಂಡು ಅಡವಿಯೊಳಗೆ ಹೊರಟುಹೋದಳು. ದಿಬ್ಬದ ಮೇಲಿಂದ ಮಾಸ್ತರರು ನನ್ನನ್ನು ಕರೆಯುತ್ತಿದ್ದರು, ನಾನೂ ತಮ್ಮವನೇ ಎನ್ನುವಂತೆ.